ಕೋವಿ ತೊಳೆಯೋದಕ್ಕೊಂದು ಮೇಜು, ಅದರ ಹಿಂದಿನ ಕಥೆ

ಎರಡು ತಿಂಗಳು ಸ್ಟೇಷನ್ನಿನಲ್ಲಿದ್ದ ಕೋವಿ ಹೋದ ವಾರ ಮನೆಗೆ ಬಂತು. ಎಲೆಕ್ಷನ್ ಬಂದಾಗಲೆಲ್ಲ ಕೊಟ್ಟು ಬರೋದು, ಮುಗಿದ ಮೇಲೆ ರಸೀದಿ ತೋರಿಸಿ ತರೋದು, ನಿಮಗೆಲ್ಲ ಗೊತ್ತಿರೋದೇ. ಈ ಸಲ ತರೋ ಹೊತ್ತಿಗೆ ಮಳೆ ಹಿಡಿದು ಹದಿನೈದು ದಿನ ಆಗಿತ್ತು. ಸುತ್ತಿದ್ದ ಗೋಣಿ ಬಿಚ್ಚಿ ನೋಡಿದರೆ ನಳಿಗೆ ಮೇಲೆಲ್ಲ ಕೆಂಪು ಪುಡಿ. ತುಕ್ಕುರೋಗ ಬಂದ ಕಾಫಿ ಎಲೆಯ ಅಡಿ ಮುಟ್ಟಿದರೆ ಬೆರಳಿಗೆ ಅಂಟುತ್ತಲ್ಲ, ಅದೇ ತರ ಅಂಟಿತು. ಯಾರನ್ನೋ ಬಯ್ದು ಪ್ರಯೋಜನ ಇಲ್ಲ. ಅಷ್ಟೊಂದು ಕೋವಿ ಒಂದೇ ಕೋಣೇಲಿ ಇಟ್ಟರೆ ಒಂದೊಂದಕ್ಕೂ ಎಣ್ಣೆ ಹಾಕೋರು ಯಾರು? ಹೆಚ್ಚಿನ ತಪ್ಪು ನಂದೇ. ಅದೇನು ಅಂತ ಕೊನೇಲಿ ಹೇಳ್ತೀನಿ.

ಮಗ ರಜಕ್ಕೆ ಬಂದಿದ್ದ. ಅವನೇ ಅಂದ, "ಅಪ್ಪಾ, ಪ್ರತೀ ಸಲ ಜಗಲಿ ಮೇಲೆ ಚಾಪೆ ಹಾಸ್ಕೊಂಡು ಸೊಂಟ ನೋವು ಮಾಡ್ಕೋತೀಯ. ಇದಕ್ಕೇ ಅಂತ ಒಂದು ಮೇಜು ಮಾಡಿಬಿಡೋಣ" ಅಂತ. ಅಟ್ಟದ ಮೇಲೆ ಹಳೇ ಹಲಸಿನ ಹಲಗೆ ಒಂದಿತ್ತು, ನಾಲ್ಕೂವರೆ ಅಡಿ ಉದ್ದದ್ದು. ಅದಕ್ಕೆ ಸಿಲ್ವರ್ ಓಕಿನ ಕಾಲು ಕೊಟ್ಟು, ನಿಂತು ಕೆಲಸ ಮಾಡೋ ಎತ್ತರಕ್ಕೆ ನಿಲ್ಲಿಸಿದೆವು. ಮೇಲೆ ಎರಡು ಮರದ ತುಂಡಿಗೆ ಕತ್ತರಿಯಾಕಾರದ ಕಚ್ಚು ಹೊಡೆದು, ಕಚ್ಚಿನ ಒಳಗೆ ಹಳೇ ಕಂಬಳಿ ತುಂಡು ಅಂಟಿಸಿದ್ವಿ. ನಳಿಗೆ ಅದರ ಮೇಲೆ ಕೂತರೆ ಅಲ್ಲಾಡಲ್ಲ, ಗೀರೂ ಬೀಳಲ್ಲ. ಮೇಜು ಮಾಡೋದು ಅರ್ಧ ದಿನದ ಕೆಲಸ. ಎಲ್ಲಿಡೋದು ಅನ್ನೋದಕ್ಕೇ ಎರಡು ದಿನ ಜಗಳ ಆಯ್ತು. ಮಗ ಮಹಡಿ ಕೋಣೆ ಅಂದ, ಲೈಟು ಚೆನ್ನಾಗಿದೆ ಅಂತ. ನಾನು ಬಚ್ಚಲುಮನೆ ಪಕ್ಕದ ಸೌದೆ ಕೊಟ್ಟಿಗೆ ಅಂದೆ. ಅವನಿಗೆ ನಗು. ಯಾಕೆ ಬಚ್ಚಲುಮನೆ ಪಕ್ಕ ಅಂತ ವಿವರಿಸೋಕೆ ಹೋಗಿ ಇಷ್ಟು ದೊಡ್ಡ ಕಥೆ ಆಯ್ತು. ಅವನಿಗೆ ಹೇಳಿದ್ದನ್ನೇ ನಿಮಗೂ ಬರೀತಿದೀನಿ.

ನಮ್ಮದು ಕೇಪಿನ ಕೋವಿ, ಅಜ್ಜನ ಕಾಲದ್ದು, ಒಂಟಿ ನಳಿಗೆ. ಬಾಯಿಂದ ಮಸಿ ಹಾಕಿ, ಕತ್ತ ಇಟ್ಟು, ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ಕತ್ತ ಜಡಿದು, ಹಿಂದೆ ತೊಟ್ಟಿನ ಮೇಲೆ ಕೇಪು ಕೂರಿಸೋದು. ಗಜ ಅಂದರೆ ನಳಿಗೆ ಕೆಳಗೆ ಸಿಕ್ಕಿಸಿರೋ ಉದ್ದನೆ ಕಡ್ಡಿ, ಈಗಿನ ಹುಡುಗರಿಗೆ ಗೊತ್ತಿರಲಿ ಅಂತ ಹೇಳಿದೆ. ನಮ್ಮ ಕಡೆ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರೋದು ಬಹುಪಾಲು ಇಂಥ ಕೋವಿಗೇ. 1959ರ ಆಯುಧ ಕಾಯ್ದೆಯಲ್ಲೇ ಬೆಳೆ ಕಾಯೋಕೆ ಬಾಯಿಂದ ತುಂಬುವ ಕೋವಿ ಅಂತ ಬೇರೆಯಾಗಿ ಬರೆದಿದೆ.

ಈ ಕರಿ ಮಸಿ ಇದೆಯಲ್ಲ, ಅದು ಪೂರ್ತಿ ಹೊಗೆಯಾಗಿ ಹೋಗಲ್ಲ. ಸುಟ್ಟ ಮಸಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಗಟ್ಟಿ ಪದಾರ್ಥವಾಗಿ ಉಳಿಯುತ್ತೆ. ಸ್ವಲ್ಪ ಹೊಗೆ ಜೊತೆ ಹಾರುತ್ತೆ, ಮಿಕ್ಕಿದ್ದು ನಳಿಗೆ ಒಳಗೇ ಮೆತ್ತಿಕೊಳ್ಳುತ್ತೆ. ಅದರಲ್ಲಿ ಇರೋದು ಬರೀ ಇದ್ದಿಲಲ್ಲ, ಪೊಟ್ಯಾಷಿಯಂನ ಬೇರೆ ಬೇರೆ ಲವಣಗಳು. ಕೇಪಿನ ಮದ್ದಿನಿಂದ ಬರೋದು ಇನ್ನೊಂದು ಲವಣ, ಪೊಟ್ಯಾಷಿಯಂ ಕ್ಲೋರೈಡು. ಅಂದರೆ ನಾವು ಗೊಬ್ಬರದಂಗಡಿಯಿಂದ ತರ್ತೀವಲ್ಲ ಪೊಟ್ಯಾಷ್, ಅದೇ ವಂಶ. ಪೊಟ್ಯಾಷ್ ಚೀಲ ಬಾಯಿ ಬಿಚ್ಚಿ ಮಳೆಗಾಲದಲ್ಲಿ ಇಟ್ಟರೆ ಏನಾಗುತ್ತೆ? ಗಾಳಿ ನೀರು ಎಳೆದು ಒದ್ದೆಯಾಗಿ ಹೆಂಟೆ ಕಟ್ಟುತ್ತೆ. ಕೆಳಗಿದ್ದ ತಗಡು ತೂತು ಬೀಳುತ್ತೆ. ನಳಿಗೆ ಒಳಗೂ ಅದೇ ನಡೆಯೋದು.

ಲವಣ ಕರಗೋದು ನೀರಿಗೆ, ಎಣ್ಣೆಗಲ್ಲ. ನಮ್ಮಲ್ಲಿ ಎಷ್ಟೋ ಜನ ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ಬಟ್ಟೆ ಅದ್ದಿ ಒರೆಸಿ, ಕಪ್ಪು ಹೋಯ್ತು, ಕ್ಲೀನಾಯ್ತು ಅಂತ ಗೂಟಕ್ಕೆ ನೇತು ಹಾಕ್ತಾರೆ. ಕಪ್ಪು ಹೋಗಿರುತ್ತೆ, ಉಪ್ಪು ಅಲ್ಲೇ ಇರುತ್ತೆ. ಮೇಲೆ ಎಣ್ಣೆ ಹೊದಿಸಿ ಒಳಗೆ ಬಚ್ಚಿಟ್ಟ ಹಾಗೆ. ಅಪ್ಪ ಹಂಗೆ ಮಾಡ್ತಿರಲಿಲ್ಲ. ಈಡು ಹೊಡೆದ ರಾತ್ರಿಯೇ, ಎಷ್ಟೇ ಹೊತ್ತಾಗಿರಲಿ, ಬಚ್ಚಲುಮನೆಗೆ ಹೋಗೋರು. ಅಲ್ಲಿ ಹಂಡೇಲಿ ನೀರು ಯಾವಾಗಲೂ ಬಿಸಿ. ಬೆಣೆ ತಟ್ಟಿ ನಳಿಗೆ ಬಿಡಿಸಿ, ತೊಟ್ಟು ಬಿಚ್ಚಿ, ಹಿಂಬದಿ ತುದಿ ಬಕೆಟ್ಟಿನ ನೀರಿಗಿಟ್ಟು, ಗಜದ ತುದಿಗೆ ಬಟ್ಟೆ ಸುತ್ತಿ ಮೇಲೆ ಕೆಳಗೆ ಎಳೆಯೋರು. ತೊಟ್ಟಿನ ತೂತಿನಿಂದ ನೀರು ಪಿಚಕಾರಿ ಹಾಗೆ ಒಳಗೆ ಹೊರಗೆ ಹೋಗ್ತಿತ್ತು. ಕೊಳೆತ ಮೊಟ್ಟೆ ವಾಸನೆ ಬರೋದು. ಗಂಧಕ ನೀರಿಗೆ ಸೇರಿದ ವಾಸನೆ ಅದು. ಆ ವಾಸನೆ ನಿಲ್ಲೋ ತನಕ ನೀರು ಬದಲಾಯಿಸ್ತಿದ್ದರು. ಕೊನೇದು ಕುದಿಯೋ ನೀರು, ಅದರಿಂದ ನಳಿಗೆ ಕಾದು ತಾನೇ ಒಣಗುತ್ತೆ. ಆಮೇಲೆ ಒಣಬಟ್ಟೆ, ಆಮೇಲೆ ಎಣ್ಣೆ. ಹಂಗಾಗಿ ನಮ್ಮನೇಲಿ ಕೋವಿ ತೊಳೆಯೋ ಜಾಗ ಅಂದರೆ ಬಚ್ಚಲೇ. ಮಗನಿಗೆ ನಗು ಬಂದಿದ್ದು ಇದನ್ನ ನೋಡಿರದೆ ಇದ್ದಿದ್ದಕ್ಕೆ.

ಈಗ ಸ್ವಲ್ಪ ದೂರದ ಕಥೆ. ನಳಿಗೆಯೊಳಗಿನ ಈ ಕೊಳೆಗೂ ನಮ್ಮ ಕೈಲಿರೋ ಲೈಸೆನ್ಸ್ ಪುಸ್ತಕಕ್ಕೂ ನೇರ ಸಂಬಂಧ ಇದೆ ಅಂದರೆ ನಂಬ್ತೀರಾ?

ಮೊದಲು ಸಿಪಾಯಿಗಳ ಕೈಲಿದ್ದಿದ್ದು ಒಳಗೆ ನುಣುಪಾಗಿರೋ ನಳಿಗೆ. ಗುಂಡು ಸಡಿಲವಾಗಿರೋದು, ಎಷ್ಟೇ ಕೊಳೆ ಕಟ್ಟಿದರೂ ಹೆಂಗೋ ಇಳಿಯೋದು. ಆಮೇಲೆ ಬ್ರಿಟಿಷರು 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ತಂದರು. ಅದರ ನಳಿಗೆ ಒಳಗೆ ತಿರುಚಿಕೊಂಡು ಹೋಗೋ ಮೂರು ಗೀರು ಇದ್ದವು. ಗುಂಡು ಸುತ್ತುತ್ತಾ ಹೋಗಿ ದೂರಕ್ಕೆ ಗುರಿ ಸಿಗೋದು. ಆದರೆ ಗೀರಿನ ನಳಿಗೆಗೆ ಬಿಗಿಯಾದ ಗುಂಡು ಬೇಕು. ನಾಲ್ಕಾರು ಈಡು ಹೊಡೆದ ಮೇಲೆ ಮಸಿಯ ಕೊಳೆ ಗಟ್ಟಿಯಾಗಿ, ಗುಂಡು ಕೆಳಗಿಳಿಯೋದು ಕಷ್ಟ. ಯುದ್ಧದ ಮಧ್ಯೆ ಬಿಸಿನೀರಿನ ಹಂಡೆ ಎಲ್ಲಿಂದ ತರೋದು? ಅದಕ್ಕೆ ಅವರು ಕಂಡುಕೊಂಡ ಉಪಾಯ ಜಿಡ್ಡು. ಮಸಿ, ಗುಂಡು ಸುತ್ತಿದ ಕಾಗದದ ತೋಟೆಯ ಒಂದು ತುದಿಗೆ ಜಿಡ್ಡು ಸವರಿದರೆ, ಗುಂಡಿನ ಜೊತೆ ಅದೂ ಇಳಿದು ಕೊಳೆಯನ್ನ ಮೆತ್ತಗೆ ಮಾಡುತ್ತೆ. ಅಂದರೆ ಪ್ರತೀ ಈಡಿನ ಜೊತೆಗೇ ಒಂಚೂರು ಕ್ಲೀನಿಂಗ್ ಸಾಮಾನು ಕಳಿಸಿದ ಹಾಗೆ.

ಉಳಿದಿದ್ದು ನಿಮಗೆ ಗೊತ್ತು. ತೋಟೆಯ ಕಾಗದವನ್ನ ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಆ ಜಿಡ್ಡು ದನದ್ದು, ಹಂದೀದು ಅಂತ 1857ರ ಜನವರಿಯಲ್ಲಿ ಕಲ್ಕತ್ತ ಹತ್ತಿರದ ದಂಡಿನ ಠಾಣ್ಯದಿಂದ ಸುದ್ದಿ ಹಬ್ಬಿತು. ಮಾರ್ಚಿನಲ್ಲಿ ಬರಾಕ್‌ಪುರದಲ್ಲಿ ಮಂಗಲ್ ಪಾಂಡೆ, ಮೇ 10ಕ್ಕೆ ಮೀರತ್. ದಂಗೆಗೆ ಕಾರಣ ಜಿಡ್ಡೊಂದೇ ಅಂತ ನಾನು ಹೇಳಲ್ಲ. ರಾಜ್ಯ ಕಿತ್ತುಕೊಂಡಿದ್ದು, ಕಂದಾಯ, ಸಂಬಳ, ಅವಮಾನ, ಎಲ್ಲ ಒಳಗೆ ಕೂತಿತ್ತು. ಆದರೆ ಕಿಡಿ ಬಿದ್ದಿದ್ದು ಮಾತ್ರ ಅಲ್ಲಿಗೆ. ಸ್ಕೂಲಿನಲ್ಲಿ ಮೇಷ್ಟ್ರು ಜಿಡ್ಡಿನ ಕಥೆ ಹೇಳಿದ್ದರು. ಜಿಡ್ಡು ಯಾಕೆ ಹಚ್ಚಬೇಕಾಯ್ತು ಅಂತ ಹೇಳಿರಲಿಲ್ಲ. ಅದು ನನಗೆ ಅರ್ಥ ಆಗಿದ್ದು ನಮ್ಮ ಬಚ್ಚಲುಮನೇಲಿ.

ದಂಗೆ ಎದ್ದ ಮೇಲೆ ಸರ್ಕಾರ ಮಾಡಿದ್ದೇನು? ಜನರ ಕೈಲಿರೋ ಆಯುಧ ಕಿತ್ತುಕೊಳ್ಳೋ ಕಾಯ್ದೆ ತಂದಿತು. ಯಾರೂ ಅಪ್ಪಣೆ ಇಲ್ಲದೆ ಕೋವಿ, ಕತ್ತಿ ಇಟ್ಟುಕೊಳ್ಳೋ ಹಾಗಿಲ್ಲ ಅಂತ. ನಮ್ಮ ಮುಧೋಳ ಸೀಮೆಯ ಹಲಗಲಿಯ ಬೇಡರು ಕೊಡಲ್ಲ ಅಂದರು. ಅವರಿಗೆ ಆಯುಧ ಅಂದರೆ ಬೇಟೆ, ಹೊಟ್ಟೆಪಾಡು, ಮರ್ಯಾದೆ. 1857ರ ನವೆಂಬರಿನಲ್ಲಿ ದಂಡು ಬಂದು ಊರು ಸುತ್ತುವರಿದು ಬೆಂಕಿ ಇಟ್ಟಿತು, ಸಿಕ್ಕಿದವರನ್ನ ಗಲ್ಲಿಗೇರಿಸಿತು. ಹಲಗಲಿ ಬೇಡರ ಲಾವಣಿ ಕೇಳದವರು ನಮ್ಮಲ್ಲಿ ಕಡಿಮೆ. ಆ ಲಾವಣಿ ಕೇಳುವಾಗೆಲ್ಲ ಸ್ಟೇಷನ್ನಿನಲ್ಲಿ ಕೋವಿ ಕೊಟ್ಟು ರಸೀದಿಗೆ ಕೈ ಒಡ್ಡಿ ನಿಂತಿರೋ ನನ್ನನ್ನ ನಾನೇ ನೋಡಿಕೊಂಡ ಹಾಗಾಗುತ್ತೆ. ಹೋಲಿಕೆ ಸರಿಯಲ್ಲ ಬಿಡಿ. ನಾವು ಕೊಡೋದು ಎರಡು ತಿಂಗಳಿಗೆ, ವೋಟು ನೆಮ್ಮದಿಯಾಗಿ ಆಗಲಿ ಅಂತ. ಆದರೂ ಮನಸ್ಸಿಗೆ ಬರೋದು ಬರುತ್ತೆ.

1860ರಲ್ಲಿ ಆ ಕಾಯ್ದೆ ಇನ್ನಷ್ಟು ಬಿಗಿಯಾಯ್ತು, 1878ರಲ್ಲಿ ಇಡೀ ದೇಶಕ್ಕೆ ಲೈಸೆನ್ಸ್ ಪದ್ಧತಿ ಗಟ್ಟಿಯಾಯ್ತು. ಸ್ವಾತಂತ್ರ್ಯ ಬಂದು ಹನ್ನೆರಡು ವರ್ಷದ ಮೇಲೆ ನಮ್ಮವರು ಅದನ್ನ ತೆಗೆದು 1959ರ ಕಾಯ್ದೆ ಮಾಡಿದ್ದು.

ಇದರಿಂದ ಹೊರಗುಳಿದಿದ್ದು ನಮ್ಮ ಪಕ್ಕದ ಕೊಡಗು. 1834ರಿಂದ ಅದು ಬ್ರಿಟಿಷರ ಕೈಲಿತ್ತು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್, ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟೋರೇ, ಕೊಡವರಿಗೆ ಈ ಕಾಯ್ದೆ ಬೇಡ ಅಂತ ವಿನಾಯಿತಿ ಕೊಟ್ಟರು. ನಿಷ್ಠೆಗೆ ಕೊಟ್ಟ ಬಹುಮಾನ ಅಂತ ಅವರ ಲೆಕ್ಕ. ಆ ವಿನಾಯಿತಿ ಇವತ್ತಿಗೂ ನಡೀತಿದೆ, ಕೊಡವರಿಗೆ ಮತ್ತು ಜಮ್ಮಾ ಭೂಮಿ ಇರೋರಿಗೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರ ಅಕ್ಟೋಬರ್ ತನಕ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿ ಹಿಡಿಯಿತು. ನಮಗೆ ಯಾಕಿಲ್ಲ ಅಂತ ಗಡಿಯ ಈಚೆ ಕೂತು ಗೊಣಗೋರು ಇದ್ದಾರೆ. ನಾನೂ ಗೊಣಗಿದೀನಿ. ಈಗ ಗೊಣಗಲ್ಲ, ಯಾಕೆಂದರೆ ಅವರಲ್ಲಿ ಕೋವಿ ನೋಡಿಕೊಳ್ಳೋ ರೀತೀನೇ ಬೇರೆ.

ಸೋಮವಾರಪೇಟೆ ಕಡೆ ನನಗೊಬ್ಬ ಸ್ನೇಹಿತರಿದ್ದಾರೆ. ಸೆಪ್ಟೆಂಬರಿನ ಮೊದಲ ವಾರ ಕೈಲ್ ಪೊಳ್ದಿಗೆ ಅಂತ ಒಂದು ಸಲ ಕರೆದಿದ್ದರು. ನಾಟಿ ಕೆಲಸ ಮುಗಿದ ಮೇಲೆ ಬರೋ ಆಯುಧದ ಹಬ್ಬ ಅದು. ಗದ್ದೆ ಕೆಲಸದ ತಿಂಗಳುಗಳಲ್ಲಿ ಕೋವಿ, ಒಡಿಕತ್ತಿ ಎಲ್ಲ ಒಳಗೆ. ಹಬ್ಬಕ್ಕೆ ಮುಂಚೆ ಹೊರಗೆ ತೆಗೆದು ಒಂದೊಂದೇ ತಿಕ್ಕಿ, ಒರೆಸಿ, ಎಣ್ಣೆ ಹಾಕಿ, ದೇವರ ಕೋಣೇಲಿ ಸಾಲಾಗಿ ಇಡ್ತಾರೆ. ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸ್ತಾರೆ. ತೋಕ್ ಅಂದರೆ ಅವರ ಮಾತಿನಲ್ಲಿ ಕೋವಿ. ಬೇಲಿ ಮೇಲೆ ಹಬ್ಬೋ, ಬೆಂಕಿ ಉರಿ ತರ ಎದ್ದ ಕೆಂಪು ಹಳದಿ ಹೂ, ನಾವು ಅಗ್ನಿಶಿಖೆ ಅಂತೀವಿ. ಪೂಜೆ ಆದ ಮೇಲೆ ಕಡಂಬುಟ್ಟು, ಪಂದಿ ಕರಿ, ತೆಂಗಿನಕಾಯಿಗೆ ಗುರಿ ಇಡೋ ಪಂದ್ಯ. ನಾನು ಊಟಕ್ಕಿಂತ ಹೆಚ್ಚು ನೋಡಿದ್ದು ಅವರ ಕೈಗಳನ್ನ. ಆ ಮನೆಯ ಅಜ್ಜ ಒಬ್ಬೊಬ್ಬ ಹುಡುಗನ ಕೈಗೆ ಕೋವಿ ಕೊಡೋ ಮುಂಚೆ ತಾವೇ ಮುರಿದು, ನಳಿಗೆಯಲ್ಲಿ ಬೆಳಕು ನೋಡಿ, ಅವನಿಗೂ ತೋರಿಸಿ, ಆಮೇಲೆ ಕೊಡ್ತಿದ್ದರು. ಹಬ್ಬ ಅನ್ನೋ ಹೆಸರಿನಲ್ಲಿ ವರ್ಷಕ್ಕೊಂದು ಸಲವಾದರೂ ಮನೆಯ ಎಲ್ಲ ಕೋವಿ ಬೆಳಕಿಗೆ ಬರುತ್ತೆ. ನಮ್ಮಲ್ಲಿ ಆಯುಧಪೂಜೆಗೆ ಕುಂಕುಮ ಹಚ್ಚಿ ಮುಗಿಸ್ತೀವಿ. ಆ ಕುಂಕುಮದ ತೇವಕ್ಕೇ ಅಲ್ಲೊಂದು ಚುಕ್ಕೆ ತುಕ್ಕು!

ಅದೇ ಅಜ್ಜನ ಹತ್ತಿರ ಮಿಲಿಟರಿಯಿಂದ ತಂದ ಒಂದು ಹುರಿ ಇತ್ತು. ಒಂದು ತುದಿಗೆ ಹಿತ್ತಾಳೆ ತೂಕ, ಇನ್ನೊಂದು ತುದಿಗೆ ಬಟ್ಟೆ ಸಿಕ್ಕಿಸೋ ಕುಣಿಕೆ. ತೂಕವನ್ನ ನಳಿಗೆಯಲ್ಲಿ ಇಳಿಬಿಟ್ಟು ಈ ಕಡೆಯಿಂದ ಎಳೆದರೆ ಬಟ್ಟೆ ಒರೆಸಿಕೊಂಡು ಬರುತ್ತೆ. ಪುಲ್‌ಥ್ರೂ ಅಂತಾರೆ. ಬ್ರಿಟಿಷರ ಕಾಲದ ತ್ರಿ ನಾಟ್ ತ್ರಿ ರೈಫಲಿನ ಮರದ ಹಿಡಿಯೊಳಗೇ ಈ ಹುರಿಗೂ ಒಂದು ಪುಟ್ಟ ಎಣ್ಣೆ ಬಾಟಲಿಗೂ ಗೂಡು ಇರ್ತಿತ್ತು. ಬಟ್ಟೆಯ ಅಳತೆಯೂ ನಿಗದಿ, ನಾಲ್ಕಿಂಚಿಗೆ ಎರಡಿಂಚು. ಸಿಪಾಯಿಯ ಕೆಲಸದ ಮೇಜು ಅವನ ಕೋವಿಯೊಳಗೇ ಇತ್ತು ಅನ್ನಿ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಅನ್ನೋರು ಹೊಗೆ ಇಲ್ಲದ ಮದ್ದು ಕಂಡುಹಿಡಿದ ಮೇಲೆ ಕೊಳೆ ತುಂಬಾ ಕಡಿಮೆ ಆಯ್ತು. ಆದರೂ ಆ ಕಾಲದ ತೋಟೆಯ ಕೇಪಿನಲ್ಲಿ ಅದೇ ಹಳೇ ಉಪ್ಪು. ಹಂಗಾಗಿ ಸೈನ್ಯದಲ್ಲೂ ನಳಿಗೆಗೆ ಆಲಿಕೆ ಇಟ್ಟು ಕುದಿಯೋ ನೀರು ಹೊಯ್ಯೋದು ಬಿಡಲಿಲ್ಲ. ಬಂದೂಕಿಗೆ ಅವರು ಬಳಸ್ತಿದ್ದ ಎಣ್ಣೆಗೆ ರಂಗೂನ್ ಎಣ್ಣೆ ಅಂತ ಹೆಸರು, ಬರ್ಮಾದ ಭೂಮಿಯಿಂದ ತೆಗೆದ ಎಣ್ಣೆ. ಅಜ್ಜಿಯರು ಹಚ್ಚೋ ಕೊಬ್ಬರಿ ಎಣ್ಣೆ ಬೇಡ ಅನ್ನೋದಕ್ಕೂ ಕಾರಣ ಇದೆ. ನಮ್ಮ ಚಳಿಗೆ ಅದು ಹೆಪ್ಪುಗಟ್ಟುತ್ತೆ, ಹಳೇದಾದರೆ ಅಂಟಾಗುತ್ತೆ, ಕುದುರೆ ಸರಿಯಾಗಿ ಬೀಳಲ್ಲ. ಹೊಲಿಗೆ ಮೆಷಿನ್ ಎಣ್ಣೆ ಸಾಕು.

ಕುದುರೆ ಅಂದೆ, ಹೇಳಲೇಬೇಕಾದ ಮಾತು ಬಂತು.

ನಾನಾಗ ಆರನೇ ಕ್ಲಾಸು. ಗೌರಿ ಹಬ್ಬಕ್ಕೆ ಮುಂಚೆ ಎರಡು ದಿನ ಹೊಳವಾಗಿತ್ತು. ದೊಡ್ಡಪ್ಪ ಕೋವಿ ಒರೆಸೋಣ ಅಂತ ಜಗಲಿಗೆ ತಂದು ಕೂತರು. ಹಿಂದಿನ ರಾತ್ರಿ ಅಪ್ಪ ಗದ್ದೆಗೆ ಹಂದಿ ಬರುತ್ತೆ ಅಂತ ಈಡು ತುಂಬಿ ಕಾದಿದ್ದರು. ಹಂದಿ ಬರಲಿಲ್ಲ. ಬೆಳಗಿನ ಜಾವ ನಿದ್ದೆಗಣ್ಣಲ್ಲಿ ಕೇಪು ಸಮೇತ ಹಂಗೇ ಗೂಟಕ್ಕೆ ನೇತು ಹಾಕಿ ಮಲಗಿ, ಎದ್ದು ಸಂತೆಗೆ ಹೋಗಿಬಿಟ್ಟಿದ್ದರು. ಯಾರಿಗೂ ಹೇಳಿರಲಿಲ್ಲ. ಬಾಯಿಂದ ತುಂಬೋ ಕೋವಿಯಲ್ಲಿ ಇದೇ ಕೆಟ್ಟದ್ದು, ಮುರಿದು ನೋಡೋ ಹಾಗಿಲ್ಲ, ನಳಿಗೆಯ ತಳ ಕಾಣಲ್ಲ. ದೊಡ್ಡಪ್ಪ ಎಣ್ಣೆ ಕೈಯಲ್ಲಿ ಕುದುರೆ ಎಳೆದು ಅದರ ಸಂದಿ ಒರೆಸ್ತಿದ್ದರು. ಬೆರಳು ಜಾರಿತು. ಚರೆ ಬಾಗಿಲ ಮೇಲಿನ ಹೆಂಚು ಒಡೆದು ಹೋಯ್ತು. ಆ ಬಾಗಿಲಲ್ಲಿ ಬೆಲ್ಲದ ಕಾಫಿ ಲೋಟ ಹಿಡಿದು ದೊಡ್ಡಮ್ಮ ನಿಂತಿದ್ದರು.

ಒಂದು ಚರೆಯೂ ತಾಗಲಿಲ್ಲ. ಆದರೆ ಬಲಗಿವಿ ಅವತ್ತೇ ಹೋಯ್ತು, ಮತ್ತೆ ಬರಲಿಲ್ಲ. ಸಂಜೆ ಅಪ್ಪ ಬಂದರು. ಯಾರೂ ಬಯ್ಯಲಿಲ್ಲ, ಅವರೂ ಏನೂ ಮಾತಾಡಲಿಲ್ಲ. ಮಾರನೇ ದಿನ ನಳಿಗೆ ಪೂರ್ತಿ ತೊಳೆದು, ಖಾಲಿ ನಳಿಗೆಗೆ ಗಜ ಇಳಿಸಿ, ಬಾಯಿಯ ಮಟ್ಟಕ್ಕೆ ಗಜದ ಮೇಲೆ ಚಾಕುವಿನಿಂದ ಒಂದು ಗೆರೆ ಕೊರೆದು, ಅಡಿಕೆ ಚೊಗರು ತುಂಬಿದರು. ಗಜ ಇಳಿಸಿದಾಗ ಗೆರೆ ಬಾಯಿಗೆ ಸರಿಯಾಗಿ ಕೂತರೆ ಖಾಲಿ. ನಾಲ್ಕು ಬೆರಳು ಮೇಲೆ ನಿಂತರೆ ಒಳಗೆ ಈಡು ಇದೆ. ಮನೆ ಮಕ್ಕಳನ್ನೆಲ್ಲ ಕೂರಿಸಿ ತೋರಿಸಿದರು. ಆಮೇಲೆ ಅಪ್ಪ ಸಾಯೋ ತನಕ, ದೊಡ್ಡಮ್ಮನ ಹತ್ತಿರ ಮಾತಾಡಬೇಕಾದರೆ ಸುತ್ತಿಕೊಂಡು ಹೋಗಿ ಅವರ ಎಡಗಡೆಗೇ ಕೂರೋರು.

ಮಗನಿಗೆ ಇಷ್ಟು ಹೇಳಿದ ಮೇಲೆ ಮೇಜು ಎಲ್ಲಿಡಬೇಕು ಅನ್ನೋ ಜಗಳ ಮುಗೀತು. ಸೌದೆ ಕೊಟ್ಟಿಗೆಯ ಒಂದು ಮೂಲೆ ಖಾಲಿ ಮಾಡಿದ್ವಿ. ಹಂಡೆ ಹತ್ತಿರ, ಆದರೆ ಬಚ್ಚಲ ಒಲೆಗೂ ಮೇಜಿಗೂ ಮಧ್ಯ ಪೂರ್ತಿ ಗೋಡೆ ಇದೆ. ನಳಿಗೆ ಬಾಯಿ ತಿರುಗೋ ಕಡೆ ಕಲ್ಲುಗೋಡೆ, ಅದರಾಚೆ ಧರೆ, ಜನ ಓಡಾಡೋ ಬಾಗಿಲು ಬೆನ್ನ ಹಿಂದೆ. ಮಸಿ, ಕೇಪು ಆ ಕೊಟ್ಟಿಗೆಗೆ ತರೋ ಹಾಗೇ ಇಲ್ಲ, ಅದು ಮನೆಯೊಳಗೆ ಬೀಗದ ಪೆಟ್ಟಿಗೇಲಿ. ಮೇಜಿನ ಮೇಲೆ ಹಿತ್ತಾಳೆ ಬ್ರಷ್ಷು, ಹಳೇ ಬನಿಯನ್ ಬಟ್ಟೆ ಕತ್ತರಿಸಿದ್ದು, ತೊಟ್ಟು ಬಿಚ್ಚೋ ಕೀಲಿ, ಎಣ್ಣೆ ಬಾಟಲಿ. ಕಾಫಿ ಲೋಟ ಅಲ್ಲಿ ಇಡೋ ಹಾಗಿಲ್ಲ, ಸೀಸದ ಕೈ ಬಾಯಿಗೆ ಹೋಗಬಾರದು. ಗಜ ನೇತು ಹಾಕೋಕೆ ಕಣ್ಣೆತ್ತರಕ್ಕೆ ಒಂದು ಮೊಳೆ. ಕೆಲಸ ಶುರು ಮಾಡೋ ಮುಂಚೆ ಕೈಗೆ ಮೊದಲು ಸಿಗಬೇಕಾದ್ದು ಅದೇ.

ಇನ್ನು ನನ್ನ ತಪ್ಪು. ಕೋವಿ ಸ್ಟೇಷನ್ನಿಗೆ ಕೊಡೋ ಕೊನೇ ದಿನದ ಹಿಂದಿನ ರಾತ್ರಿ ಬಾಳೆಗೆ ಹಂದಿ ಬಿದ್ದಿತ್ತು. ಹೆದರಿಸೋಕೆ ಗಾಳಿಗೆ ಎರಡು ಈಡು ಹೊಡೆದೆ. ಮಧ್ಯರಾತ್ರಿ ಮೀರಿತ್ತು, ಸುಸ್ತು. ಬೆಳಗ್ಗೆ ಎದ್ದು ಸೀಮೆಎಣ್ಣೆ ಬಟ್ಟೆಯಲ್ಲಿ ಎರಡು ಸಲ ಎಳೆದು, ಗೋಣಿ ಸುತ್ತಿ, ಬಸ್ಸು ಹಿಡಿದೆ. ಅಪ್ಪ ಇದ್ದಿದ್ದರೆ ಆ ರಾತ್ರಿಯೇ ಹಂಡೆ ಹತ್ತಿರ ಹೋಗಿರೋರು. ಆ ಉಪ್ಪು ಎರಡು ತಿಂಗಳು ಒಳಗೆ ಕೂತು ತನ್ನ ಕೆಲಸ ಮಾಡ್ತು. ಹೊರಗಿನ ಕೆಂಪು ಪುಡಿ ಎಣ್ಣೆಯಲ್ಲಿ ಬಟ್ಟೆ ಅದ್ದಿ ತಿಕ್ಕಿದರೆ ಹೋಯ್ತು. ಒಳಗೆ ಟಾರ್ಚ್ ಬಿಟ್ಟು ನೋಡಿದರೆ ತೊಟ್ಟಿನ ಹತ್ತಿರ, ಮಸಿ ಕೂರೋ ಜಾಗದಲ್ಲೇ, ಕಾಯಿಕೊರಕ ಬಿದ್ದ ಕಾಫಿ ಬೀಜದ ಹಾಗೆ ಗುಳಿಗಳು. ಪೇಟೆಯ ಲೈಸೆನ್ಸ್ ಇರೋ ಕೋವಿ ರಿಪೇರಿಯವರು ನೋಡಿ, "ಇದರಲ್ಲಿ ಇನ್ನು ಈಡು ಹಾಕಬೇಡಿ, ನಳಿಗೆ ಒಡೆದರೆ ನಿಮ್ಮ ಎಡಗೈಯೇ ಮೊದಲು ಹೋಗೋದು" ಅಂದರು. ಅಜ್ಜ, ದೊಡ್ಡಪ್ಪ, ಅಪ್ಪ ಮೂರು ಜನ ಕಾಪಾಡಿದ್ದನ್ನ ನಾನು ಒಂದು ರಾತ್ರಿಯ ಸೋಮಾರಿತನಕ್ಕೆ ಕಳೆದೆ. ಮುಂದೇನು ಅಂತ ಲೈಸೆನ್ಸಿನ ಕಚೇರಿಯಲ್ಲಿ ವಿಚಾರಿಸ್ತಿದೀನಿ. ಸದ್ಯಕ್ಕೆ ಹಂದಿ ಓಡಿಸೋಕೆ ತಗಡಿನ ಡಬ್ಬ, ಎರಡು ನಾಯಿ, ನನ್ನ ಗಂಟಲು.

ಹಂಗಾಗಿ ಮೇಜು ತಯಾರಾಗಿದೆ, ಇಡೋಕೆ ಕೋವಿ ಇಲ್ಲ. ಅಕ್ಕಪಕ್ಕದಲ್ಲಿ ನಿಮ್ಮ ಕೋವಿಯೂ ಈ ವಾರ ಸ್ಟೇಷನ್ನಿನಿಂದ ಬಂದಿದ್ದರೆ, ಒರೆಸಿ ನೇತು ಹಾಕೋ ಮುಂಚೆ ತಂದುಬಿಡಿ. ಹಗಲು ಹೊತ್ತು ಬನ್ನಿ, ಲೈಸೆನ್ಸ್ ಪುಸ್ತಕ ಜೊತೆಗಿರಲಿ, ಮಸಿ ಮತ್ತು ಕೇಪು ಮನೇಲೇ ಬಿಟ್ಟು ಬನ್ನಿ. ಗಜ ಮರೀಬೇಡಿ, ಅದಕ್ಕೊಂದು ಗೆರೆ ಕೊರೆದು ಕೊಡ್ತೀನಿ. ಹಂಡೇಲಿ ನೀರು ಕಾದಿರುತ್ತೆ.